ಮುಂಗಾಲಿಯ ಶಾಕ್ ಅಬ್ಸಾರ್ಬರ್: ಬದಲಿಸುವ ಮೊದಲು ಮತ್ತು ಬದಲಿಸುವಾಗ

ಮಳೆಗಾಲ ಮುಗಿಯುತ್ತಿದ್ದಂತೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ವಾಹನ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಮುಂದಿನ ಗಾಲಿಗಳ ಶಾಕ್ ಅಬ್ಸಾರ್ಬರ್‌ಗೆ ಸಂಬಂಧಿಸಿದವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನನ್ನ ಬಳಿ ಎಂಟು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು ಇದೆ, ಸುಮಾರು 70,000 ಕಿ.ಮೀ. ಓಡಿದೆ. ಇತ್ತೀಚೆಗೆ ಹಂಪ್ ದಾಟುವಾಗ ಮತ್ತು ತಗ್ಗಿಗೆ ಇಳಿಯುವಾಗ ಎಡ ಮುಂಗಾಲಿಯ ಕಡೆಯಿಂದ ಕಟಕಟ ಸದ್ದು ಬರುತ್ತಿದೆ. ಒಂದು ಗ್ಯಾರೇಜಿನವರು ಎರಡೂ ಕಡೆಯ ಶಾಕ್ ಅಬ್ಸಾರ್ಬರ್ ಬದಲಿಸಬೇಕು ಎಂದರು. ಇನ್ನೊಂದು ಗ್ಯಾರೇಜಿನವರು ಎಡಗಡೆಯದನ್ನಷ್ಟೇ ಬದಲಿಸಿದರೆ ಸಾಕು ಎಂದರು. ಯಾರ ಮಾತನ್ನು ಒಪ್ಪಲಿ?
(ಶಿಕ್ಷಕಿ, ಕಲಬುರಗಿ)

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ತಾವು ತಿಳಿಸಿರುವ ಲಕ್ಷಣ ಸದ್ದು ಒಂದೇ. ಬರಿಯ ಸದ್ದನ್ನು ಕೇಳಿ ಶಾಕ್ ಅಬ್ಸಾರ್ಬರ್ ಕೆಟ್ಟಿದೆ ಎಂದು ತೀರ್ಮಾನಿಸಿದರೆ ದೊಡ್ಡ ಮೊತ್ತ ಖರ್ಚಾದ ಮೇಲೂ ಅದೇ ಸದ್ದು ಉಳಿಯುವ ಸಾಧ್ಯತೆ ಸಾಕಷ್ಟಿದೆ. ಶಾಕ್ ಅಬ್ಸಾರ್ಬರ್ ತನ್ನ ಶಕ್ತಿ ಕಳೆದುಕೊಂಡಾಗ ಅನೇಕ ವೇಳೆ ಯಾವ ಸದ್ದನ್ನೂ ಮಾಡುವುದಿಲ್ಲ. ಸದ್ದು ಮಾಡುವುದು ಹೆಚ್ಚಾಗಿ ಅದರ ಸುತ್ತಲಿನ ರಬ್ಬರ್ ಬುಶ್‌ಗಳು, ಜಾಯಿಂಟ್‌ಗಳು ಮತ್ತು ಮೇಲಿನ ಮೌಂಟಿಂಗ್.

ಇದು ಏಕೆ ಹೀಗೆ ಎಂಬುದನ್ನು ತಿಳಿಯಲು ಆ ಭಾಗದ ಕೆಲಸವನ್ನು ಸ್ವಲ್ಪ ನೋಡಬೇಕು. ವಾಹನದ ಭಾರವನ್ನು ಹೊರುವುದು ಸ್ಪ್ರಿಂಗ್. ಗಾಲಿ ಹಂಪ್ ಏರಿದಾಗ ಸ್ಪ್ರಿಂಗ್ ಕುಗ್ಗಿ ಆ ಹೊಡೆತವನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಮರುಕ್ಷಣವೇ ಅದನ್ನು ಹಿಂದಕ್ಕೆ ಕೊಡುತ್ತದೆ. ಅಡ್ಡಿಪಡಿಸುವವರು ಇಲ್ಲದಿದ್ದರೆ ಕಾರು ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ನಿಲ್ಲಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಎಣ್ಣೆ ತುಂಬಿದ ಕೊಳವೆಯೊಳಗೆ ಒಂದು ಪಿಸ್ಟನ್ ಓಡಾಡುತ್ತದೆ. ಅದರಲ್ಲಿರುವ ಸಣ್ಣ ರಂಧ್ರಗಳು ಮತ್ತು ತೆಳುವಾದ ಉಕ್ಕಿನ ವಾಲ್ವುಗಳ ಮೂಲಕ ಎಣ್ಣೆ ಪ್ರಯಾಸದಿಂದ ನುಸುಳಬೇಕಾಗುತ್ತದೆ. ಈ ತಡೆಯಿಂದ ಚಲನೆಯ ಶಕ್ತಿ ಶಾಖವಾಗಿ, ಕೊಳವೆಯ ಮೈಯಿಂದ ಗಾಳಿಗೆ ಹೋಗುತ್ತದೆ. ಸತತ ಕುಲುಕಾಟದಲ್ಲಿ ಎಣ್ಣೆ ನೊರೆಗಟ್ಟಿದರೆ ತಡೆಯುವ ಬಲ ಕುಸಿಯುವುದರಿಂದ, ಈಗಿನ ಹೆಚ್ಚಿನ ಶಾಕ್ ಅಬ್ಸಾರ್ಬರ್‌ಗಳಲ್ಲಿ ಎಣ್ಣೆಯ ಮೇಲೆ ಒತ್ತಡವಿಡಲು ನೈಟ್ರೋಜನ್ ಅನಿಲ ತುಂಬಿರುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಈ ಭಾಗಕ್ಕೆ ಬೀಳುವ ಹೊರೆ ಕಡಿಮೆಯದಲ್ಲ: ಹೊರಗಿನ ಗಾಳಿಯೇ ಬಿಸಿ, ಜೊತೆಗೆ ರಸ್ತೆಯೂ ಬಿಡುವು ಕೊಡುವುದಿಲ್ಲ.

ತಮ್ಮಂತಹ ಸಣ್ಣ ಕಾರುಗಳಲ್ಲಿ ಮುಂಭಾಗದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಸೇರಿ ಒಂದೇ ಜೋಡಣೆಯಾಗಿರುತ್ತವೆ. ಇದಕ್ಕೆ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರಿನಿಂದ ಮ್ಯಾಕ್‌ಫರ್ಸನ್ ಸ್ಟ್ರಟ್ ಎನ್ನುತ್ತಾರೆ. 1983ರಲ್ಲಿ ಬಂದ ಮಾರುತಿ 800ರ ಮುಂಭಾಗದಲ್ಲಿ ಇದ್ದದ್ದೂ ಇದೇ ಏರ್ಪಾಡು. ಸ್ಟ್ರಟ್‌ನ ತುದಿ ರಬ್ಬರ್ ಮೌಂಟಿಂಗ್ ಮತ್ತು ಬೇರಿಂಗ್ ಮೂಲಕ ಕಾರಿನ ದೇಹಕ್ಕೆ ಸೇರಿರುತ್ತದೆ. ಬುಡ ಎರಡು ದಪ್ಪ ಬೋಲ್ಟುಗಳಿಂದ ಗಾಲಿಯನ್ನು ಹಿಡಿದಿರುವ ಲೋಹದ ಭಾಗವಾದ ನಕಲ್‌ಗೆ ಸೇರಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಇಡೀ ಸ್ಟ್ರಟ್ ತಿರುಗುತ್ತದೆ. ಹೀಗಾಗಿ ಮೌಂಟಿಂಗಿನ ರಬ್ಬರ್ ಬಿರಿದರೆ ಅಥವಾ ಬೇರಿಂಗ್ ಹಿಡಿದುಕೊಂಡರೆ, ಒಳಗೆ ಕುಳಿತವರಿಗೆ ಶಾಕ್ ಅಬ್ಸಾರ್ಬರೇ ಬಡಿದುಕೊಳ್ಳುತ್ತಿದೆ ಎಂದು ಅನ್ನಿಸುವುದು ಸಹಜ.

ನಮ್ಮ ಭಾಗದ ರಸ್ತೆಗಳೇ ಒಂದು ಒಳ್ಳೆಯ ಪರೀಕ್ಷೆ ಒದಗಿಸುತ್ತವೆ ಎಂಬುದನ್ನು ಗಮನಿಸಿ. ಕಲಬುರಗಿ ಮತ್ತು ಯಾದಗಿರಿಯ ಬಹುಪಾಲು ನೆಲ ಎರೆಭೂಮಿ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ರಸ್ತೆ ತಗ್ಗು ಬೀಳದಿದ್ದರೂ ಉದ್ದುದ್ದ ಅಲೆಗಳಂತೆ ಏರಿಳಿಯತೊಡಗುತ್ತದೆ. ಇಂತಹ ರಸ್ತೆಯಲ್ಲಿ ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಹೋಗುವಾಗ ಕಾರಿನ ಮೂತಿ ಒಮ್ಮೆ ಎದ್ದರೆ ಇಳಿದು ನಿಲ್ಲದೆ ಮತ್ತೆ ಮತ್ತೆ ತೇಲುತ್ತಿದ್ದರೆ, ಬ್ರೇಕ್ ಒತ್ತಿದಾಗ ಮುಂಭಾಗ ಮೊದಲಿಗಿಂತ ಹೆಚ್ಚು ಕುಸಿಯುತ್ತಿದ್ದರೆ, ಪಕ್ಕದ ಗಾಳಿಗೆ ಕಾರು ಓಲಾಡುತ್ತಿದ್ದರೆ, ಆಗ ಶಾಕ್ ಅಬ್ಸಾರ್ಬರ್ ಸೋತಿದೆ ಎಂದು ಬಲವಾಗಿ ಶಂಕಿಸಬಹುದು. ಇದಕ್ಕೆ ಪ್ರತಿಯಾಗಿ, ಹಳೆಯ ಬಡಾವಣೆಯ ಫರ್ಸಿ ಹಾಸಿದ ಓಣಿಯಲ್ಲಿ ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಏರುಪೇರಿಗೂ ಕಟಕಟ ಎನ್ನುತ್ತಿದ್ದು, ಹೆದ್ದಾರಿಯಲ್ಲಿ ಕಾರು ಸ್ಥಿರವಾಗಿ ಓಡುತ್ತಿದ್ದರೆ, ದೋಷ ಲಿಂಕ್ ರಾಡ್ (ಕಾರು ಪಕ್ಕಕ್ಕೆ ಓಲದಂತೆ ತಡೆಯುವ ಸರಳಿನ ಜೋಡುಕೋಲು), ಲೋವರ್ ಆರ್ಮ್ (ನಕಲ್ಲಿನ ಬುಡವನ್ನು ಕಾರಿಗೆ ಸೇರಿಸುವ ತೋಳು) ಬುಶ್, ಬಾಲ್ ಜಾಯಿಂಟ್ ಅಥವಾ ಮೌಂಟಿಂಗಿನಲ್ಲಿ ಇರುವ ಸಂಭವವೇ ಹೆಚ್ಚು. ಇವುಗಳಲ್ಲಿ ಕೆಲವು ಶಾಕ್ ಅಬ್ಸಾರ್ಬರಿನ ಬೆಲೆಯ ಒಂದು ಸಣ್ಣ ಪಾಲಿಗೇ ದೊರೆಯುತ್ತವೆ.

ಕೈಯಿಂದ ಮಾಡಬಹುದಾದ ಪರೀಕ್ಷೆಗಳೂ ಇವೆ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಒಬ್ಬರು ಸ್ಟೀರಿಂಗನ್ನು ಮೆಲ್ಲನೆ ಎರಡೂ ಬದಿಗೆ ತಿರುಗಿಸಲಿ. ಇನ್ನೊಬ್ಬರು ಗಾಲಿಯ ಮೇಲಿನ ಸಂದಿಯಿಂದ ಸ್ಪ್ರಿಂಗಿನ ಹೊರಮೈಗೆ ಬೆರಳ ತುದಿಗಳನ್ನು ತಾಗಿಸಿರಲಿ, ಸುರುಳಿಗಳ ನಡುವೆ ಬೆರಳು ಹೋಗಬಾರದು. ಸ್ಪ್ರಿಂಗ್ ನಯವಾಗಿ ತಿರುಗದೆ ತಡೆತಡೆದು ಟಣ್ಣನೆ ಜಿಗಿದರೆ ಬೇರಿಂಗ್ ಕೆಟ್ಟಿದೆ. ಲಿಂಕ್ ರಾಡ್ ಇರುವ ಕಾರಾದರೆ ಅದನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿ. ಸಡಿಲವಿದ್ದರೆ ಸದ್ದು ಅಲ್ಲೇ ಕೇಳುತ್ತದೆ. ಟೈರಿನ ಮೇಲ್ಮೈಯನ್ನು ಅಂಗೈಯಿಂದ ಸವರಿ ನೋಡಿ; ಅಲ್ಲಲ್ಲಿ ತಗ್ಗುಬಿದ್ದಂತೆ ಸವೆದಿದ್ದರೆ ಗಾಲಿ ನೆಲದ ಮೇಲೆ ಪುಟಿಯುತ್ತಾ ಓಡಿದೆ ಎಂದರ್ಥ, ಮತ್ತು ಅದು ಶಾಕ್ ಅಬ್ಸಾರ್ಬರ್ ಸೋತಿರುವುದರ ಗಂಭೀರ ಸಾಕ್ಷಿ. ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಡುವ ಹಳೆಯ ಪರೀಕ್ಷೆಯನ್ನು ಎಲ್ಲರೂ ಬಲ್ಲರು. ಕೈಬಿಟ್ಟ ಮೇಲೆ ಕಾರು ಎರಡು ಮೂರು ಸಲ ಕುಣಿದರೆ ಶಾಕ್ ಹೋಗಿದೆ ಎಂಬುದು ನಿಜ. ಆದರೆ ಒಂದೇ ಸಲಕ್ಕೆ ನಿಂತರೆ ಶಾಕ್ ಚೆನ್ನಾಗಿದೆ ಎಂದು ಹೇಳಲಾಗದು, ಏಕೆಂದರೆ ಕೈಯ ಒತ್ತಡದಲ್ಲಿ ಪಿಸ್ಟನ್ ಚಲಿಸುವ ವೇಗ ರಸ್ತೆಯ ಹೊಡೆತದ ವೇಗಕ್ಕಿಂತ ಬಹಳ ಕಡಿಮೆ.

ಈ ಪರೀಕ್ಷೆಗಳ ನಂತರ ಶಾಕ್ ಅಬ್ಸಾರ್ಬರಿನಲ್ಲೇ ದೋಷವಿದೆ ಎಂದು ಕಂಡುಬಂದರೆ, ಎರಡೂ ಕಡೆ ಬದಲಿಸಬೇಕೆಂದ ಗ್ಯಾರೇಜಿನವರ ಮಾತು ಸರಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಸವೆದದ್ದು ಇದ್ದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮತ್ತು ತಿರುವಿನಲ್ಲಿ ಎರಡು ಗಾಲಿಗಳು ನೆಲವನ್ನು ಒಂದೇ ಸಮನೆ ಹಿಡಿಯುವುದಿಲ್ಲ. ಹಣದ ಅಡಚಣೆ ಇದ್ದರೆ ಒಂದನ್ನು ಈಗ, ಇನ್ನೊಂದನ್ನು ಆರು ತಿಂಗಳ ಮೇಲೆ ಎಂದು ಮಾಡುವುದಕ್ಕಿಂತ, ಕಾರನ್ನು ಮೆಲ್ಲನೆ ಓಡಿಸಿಕೊಂಡು ಸ್ವಲ್ಪ ಕಾದು ಎರಡನ್ನೂ ಒಟ್ಟಿಗೆ ಮಾಡಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಎಣ್ಣೆ ಪೂರ್ತಿ ಸೋರಿಹೋಗಿದ್ದರೆ ಮಾತ್ರ ಕಾಯಬೇಡಿ.

ಗ್ಯಾರೇಜಿನಲ್ಲಿ ಖರ್ಚಿನ ಅಂದಾಜನ್ನು ಒಟ್ಟು ಮೊತ್ತವಾಗಿ ಕೇಳದೆ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಶಾಕ್ ಅಬ್ಸಾರ್ಬರ್ ಎರಡು, ಮೌಂಟಿಂಗ್ ಎರಡು, ಬೇರಿಂಗ್ ಎರಡು, ಬಂಪ್ ಸ್ಟಾಪರ್ (ಸ್ಟ್ರಟ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ಮೆತ್ತೆ) ಮತ್ತು ಡಸ್ಟ್ ಕವರ್, ಮಜೂರಿ, ಕೊನೆಗೆ ಗಾಲಿಗಳ ಕೋನ ಸರಿಹೊಂದಿಸುವ ವೀಲ್ ಅಲೈನ್‌ಮೆಂಟ್. ಮೌಂಟಿಂಗ್ ಮತ್ತು ಬೇರಿಂಗನ್ನು ಹಳೆಯದನ್ನೇ ಹಾಕಿ ಉಳಿಸಿದ ಹಣ ಉಳಿತಾಯವೇ ಅಲ್ಲ: ಅವು ಮುಂದೆ ಕೆಟ್ಟಾಗ ಇಡೀ ಸ್ಟ್ರಟ್ಟನ್ನು ಮತ್ತೆ ಇಳಿಸಿ ಬಿಚ್ಚಬೇಕು, ಮಜೂರಿಯನ್ನು ಎರಡನೆಯ ಸಲ ಕೊಡಬೇಕು.

ಪ್ರಶ್ನೆ: ನಮ್ಮ ಮನೆಯ ಮುಂದೆ ಸಾಕಷ್ಟು ಜಾಗವಿದೆ, ಪಾನಾ ಸೆಟ್ಟು ಮತ್ತು ಜಾಕ್ ಇದೆ. ಟ್ರ್ಯಾಕ್ಟರಿನ ಸಣ್ಣಪುಟ್ಟ ರಿಪೇರಿಯನ್ನು ನಾನೇ ಮಾಡಿಕೊಳ್ಳುತ್ತೇನೆ. ಕಾರಿನ ಮುಂದಿನ ಶಾಕ್ ಅಬ್ಸಾರ್ಬರುಗಳನ್ನು ಮನೆಯಲ್ಲೇ ಬದಲಿಸಬಹುದೇ? ಕ್ರಮವನ್ನು ವಿವರಿಸಿ.
(ರೈತರು, ಶಹಾಪುರ ತಾಲ್ಲೂಕು)

ಉತ್ತರ: ಸ್ಟ್ರಟ್ಟನ್ನು ಕಾರಿನಿಂದ ಇಳಿಸುವುದು ಮತ್ತು ಮರಳಿ ಕೂಡಿಸುವುದು ತಮ್ಮ ಅನುಭವಕ್ಕೆ ಮೀರಿದ ಕೆಲಸವಲ್ಲ. ಆದರೆ ಈ ಎರಡರ ನಡುವೆ ಸ್ಪ್ರಿಂಗನ್ನು ಬಿಚ್ಚುವ ಒಂದು ಹಂತವಿದೆ. ಆ ಹಂತವನ್ನು ಸರಿಯಾದ ಸಾಧನವಿಲ್ಲದೆ ಮಾಡಲು ಹೋಗಿ ಕೈ, ಮುಖ, ಕೆಲವೊಮ್ಮೆ ಪ್ರಾಣಕ್ಕೂ ಅಪಾಯ ತಂದುಕೊಳ್ಳುವವರಿದ್ದಾರೆ. ಸ್ಟ್ರಟ್ ಕಾರಿನಿಂದ ಹೊರಬಂದ ಮೇಲೂ ಅದರೊಳಗಿನ ಸ್ಪ್ರಿಂಗ್ ಕುಗ್ಗಿದ ಸ್ಥಿತಿಯಲ್ಲೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಮೇಲಿನ ನಡುವಣ ಒಂದೇ ನಟ್. ಸ್ಪ್ರಿಂಗನ್ನು ಕುಗ್ಗಿಸಿ ಹಿಡಿಯುವ ಸಾಧನವಾದ ಸ್ಪ್ರಿಂಗ್ ಕಂಪ್ರೆಸರಿನಿಂದ ಬಿಗಿಯದೆ ಆ ನಟ್ಟನ್ನು ಬಿಚ್ಚಿದರೆ ಮೌಂಟಿಂಗ್, ಸ್ಪ್ರಿಂಗ್ ಎಲ್ಲವೂ ಒಮ್ಮೆಲೇ ಸಿಡಿಯುತ್ತವೆ. ಹಗ್ಗ, ಸರಪಳಿ ಅಥವಾ ತಂತಿಯಿಂದ ಕಟ್ಟಿ ಬಿಚ್ಚುವ ಪ್ರಯತ್ನವನ್ನು ದಯವಿಟ್ಟು ಮಾಡಬೇಡಿ. ನನ್ನ ಸಲಹೆ ಇಷ್ಟು: ಸ್ಟ್ರಟ್ಟುಗಳನ್ನು ಮನೆಯಲ್ಲಿ ಇಳಿಸಿ, ಹೊಸ ಭಾಗಗಳೊಂದಿಗೆ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು, ಅಲ್ಲಿ ಸ್ಪ್ರಿಂಗನ್ನು ಹೊಸ ಶಾಕ್ ಅಬ್ಸಾರ್ಬರಿಗೆ ಹಾಕಿಸಿಕೊಂಡು ಬಂದು, ಮನೆಯಲ್ಲಿ ಮರಳಿ ಜೋಡಿಸಿ. ಅಪಾಯದ ಹಂತ ಒಂದನ್ನು ಮಾತ್ರ ಬಲ್ಲವರ ಕೈಗೆ ಒಪ್ಪಿಸಿದಂತಾಗುತ್ತದೆ.

ಇನ್ನು ಕ್ರಮ. ಮೊದಲನೆಯದಾಗಿ ನೆಲ. ತಮ್ಮ ಅಂಗಳ ಎರೆಮಣ್ಣಿನದಾಗಿದ್ದರೆ ಒಣಗಿ ಗಟ್ಟಿಯಾಗಿ ಕಂಡರೂ ಅದರ ಮೇಲೆ ನೇರವಾಗಿ ಜಾಕ್ ಇಡಬೇಡಿ. ಭಾರ ಒಂದೇ ಕಡೆ ಬಿದ್ದಾಗ ಜಾಕ್ ಒಳಗಿಳಿದು ವಾಲುತ್ತದೆ. ಫರ್ಸಿ ಕಲ್ಲಿನ ಮೇಲೂ ಬೇಡ. ಅದರ ಕೆಳಗೆ ಟೊಳ್ಳಿದ್ದರೆ ಕಲ್ಲು ಸೀಳುತ್ತದೆ. ಗಟ್ಟಿ ಕಾಂಕ್ರೀಟ್ ನೆಲ ಉತ್ತಮ. ಅದಿಲ್ಲದಿದ್ದರೆ ಅಗಲವಾದ ದಪ್ಪ ಮರದ ಹಲಗೆ ಬೇಕು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಅಡ್ಡಕಲ್ಲು ಕೊಟ್ಟು, ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಬಳಿಕ ಕಾರನ್ನು ಎತ್ತಿ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂಡಿಸಿ. ಜಾಕ್ ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡ್ ಬೇಕು. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕುಗಳನ್ನು ಅದರ ಬದಲಿಗೆ ಬಳಸಬಾರದು.

ಗಾಲಿ ತೆಗೆದ ಮೇಲೆ ಸ್ಟ್ರಟ್‌ನ ಮೈಗೆ ಅಂಟಿಕೊಂಡಿರುವ ಬ್ರೇಕ್ ಹೋಸಿನ ಕ್ಲಿಪ್, ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ತಂತಿ ಇದ್ದರೆ ಅದರ ಹಿಡಿಕೆ, ಲಿಂಕ್ ರಾಡ್ ಸ್ಟ್ರಟ್‌ಗೆ ಸೇರಿದ್ದರೆ ಅದರ ನಟ್, ಇವಿಷ್ಟನ್ನೂ ಬಿಡಿಸಿಕೊಳ್ಳಿ. ಬ್ರೇಕ್ ಹೋಸನ್ನು ಕಳಚುವ ಅಗತ್ಯವಿಲ್ಲ, ಕ್ಲಿಪ್ ತೆಗೆದರೆ ಸಾಕು. ಈಗ ಸ್ಟ್ರಟ್ ಮತ್ತು ನಕಲ್ ಸೇರುವ ಜಾಗದಲ್ಲಿ, ಎರಡೂ ಒಂದಕ್ಕೊಂದು ಹೇಗೆ ಕುಳಿತಿವೆ ಎಂಬುದಕ್ಕೆ ಬಣ್ಣದಿಂದ ಅಥವಾ ಚೂಪಾದ ಮೊಳೆಯಿಂದ ಗುರುತು ಮಾಡಿ. ಬೋಲ್ಟಿನ ರಂಧ್ರಗಳಲ್ಲಿ ಸ್ವಲ್ಪ ಸಡಿಲವಿರುವುದರಿಂದ ಕೂಡಿಸುವಾಗ ಗಾಲಿಯ ವಾಲು ಬದಲಾಗಬಹುದು. ಗುರುತು ಇದ್ದರೆ ಮೊದಲಿನ ಸ್ಥಿತಿಗೆ ಹತ್ತಿರವಾಗಿ ಕೂಡಿಸಬಹುದು. ಕೆಳಗಿನ ಎರಡು ಬೋಲ್ಟುಗಳನ್ನು ಹೊಡೆದು ತೆಗೆಯುವ ಮೊದಲು ನಕಲ್ ಕೆಳಗೆ ಆಧಾರ ಕೊಡಿ, ಅಥವಾ ಗಟ್ಟಿ ತಂತಿಯಿಂದ ಅದನ್ನು ಕಟ್ಟಿ ನಿಲ್ಲಿಸಿ. ಅದು ಹೊರಕ್ಕೆ ವಾಲಿ ಬಿದ್ದರೆ ಎಂಜಿನ್ ಬಲವನ್ನು ಗಾಲಿಗೆ ಒಯ್ಯುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಕಳಚಿಕೊಳ್ಳಬಹುದು, ಬ್ರೇಕ್ ಹೋಸ್ ಜಗ್ಗಿ ಹಾಳಾಗಬಹುದು. ಕೊನೆಗೆ ಬಾನೆಟ್ ಎತ್ತಿ, ಮೇಲಿನ ಮೌಂಟಿಂಗನ್ನು ದೇಹಕ್ಕೆ ಹಿಡಿದಿರುವ ಹೊರಸುತ್ತಿನ ಎರಡು ಅಥವಾ ಮೂರು ನಟ್ಟುಗಳನ್ನು ತೆಗೆಯಿರಿ. ನಡುವಣ ದೊಡ್ಡ ನಟ್ಟನ್ನು ಮುಟ್ಟಬೇಡಿ. ಕೆಲವು ಕಾರುಗಳಲ್ಲಿ ಮೌಂಟಿಂಗನ್ನು ದೇಹಕ್ಕೆ ಹಿಡಿದಿರುವುದು ನಡುವಣ ಭಾಗವೇ ಆಗಿರುವುದರಿಂದ, ತಮ್ಮ ಕಾರಿನ ಏರ್ಪಾಡನ್ನು ಕೈಪಿಡಿಯಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ಗ್ಯಾರೇಜಿನಲ್ಲಿ ಸ್ಪ್ರಿಂಗನ್ನು ಬಿಚ್ಚಿ ಹೊಸ ಶಾಕ್‌ಗೆ ಹಾಕುವಾಗ ಪಕ್ಕದಲ್ಲಿ ನಿಂತು ಕೆಲವು ಸಂಗತಿಗಳನ್ನು ನೋಡಿಕೊಳ್ಳಿ. ಕಂಪ್ರೆಸರಿನ ಎರಡು ಕೊಕ್ಕೆಗಳು ಎದುರುಬದುರಾಗಿರಬೇಕು, ಎರಡನ್ನೂ ಸ್ವಲ್ಪಸ್ವಲ್ಪವೇ ಸರದಿಯಂತೆ ಬಿಗಿಯಬೇಕು, ಸ್ಪ್ರಿಂಗ್ ತನ್ನ ತಟ್ಟೆಯಿಂದ ಸಡಿಲಾಗಿ ಕೈಯಿಂದ ತಿರುಗುವಂತಾದ ಮೇಲಷ್ಟೇ ನಡುವಣ ನಟ್ ಬಿಚ್ಚಬೇಕು, ಮತ್ತು ಸ್ಟ್ರಟ್‌ನ ತುದಿ ಯಾರ ಕಡೆಗೂ ಮುಖ ಮಾಡಿರಬಾರದು. ಹೊಸ ಶಾಕ್ ಅಬ್ಸಾರ್ಬರಿನ ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿಯಲು ಬಿಡಲೇಬಾರದು. ರಾಡಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಅದು ಪ್ರತಿ ಸಲ ಒಳಹೊರಗೆ ಓಡಾಡುವಾಗ ಸೀಲನ್ನು ಕೊಯ್ಯುತ್ತದೆ, ಹೊಸ ಶಾಕ್ ಕೆಲವೇ ತಿಂಗಳಲ್ಲಿ ಸೋರುತ್ತದೆ. ರಾಡ್ ತಿರುಗದಂತೆ ಹಿಡಿಯಲು ಅದರ ತುದಿಯಲ್ಲಿ ಅಲೆನ್ ಕೀ ಅಥವಾ ಪಾನಾ ಕೂಡುವ ಜಾಗ ಮಾಡಿರುತ್ತಾರೆ. ಅಲ್ಲಿ ಹಿಡಿದು ನಟ್ಟನ್ನು ಕೈ ಪಾನಾದಿಂದ ಬಿಗಿಯಬೇಕು, ಗಾಳಿಯ ಗನ್ನಿನಿಂದ ಅಲ್ಲ.

ಅಂಗಡಿಯಲ್ಲಿ ಶಾಕ್ ಅಬ್ಸಾರ್ಬರ್ ಅಡ್ಡ ಮಲಗಿದ್ದಿರಬಹುದು. ಆದ್ದರಿಂದ ಸ್ಪ್ರಿಂಗ್ ಹಾಕುವ ಮೊದಲು ಅದನ್ನು ನೆಟ್ಟಗೆ ನಿಲ್ಲಿಸಿ ರಾಡನ್ನು ಪೂರ್ತಿ ಒತ್ತಿ, ಪೂರ್ತಿ ಎಳೆದು, ತಡೆ ಒಂದೇ ಸಮನಾಗುವವರೆಗೆ ನಾಲ್ಕಾರು ಸಲ ಆಡಿಸಬೇಕು. ಒಳಗಿನ ಗಾಳಿ ಮೇಲಕ್ಕೆ ಹೋಗಿ ಎಣ್ಣೆ ತನ್ನ ಜಾಗಕ್ಕೆ ಬರುತ್ತದೆ. ಸ್ಪ್ರಿಂಗಿನ ಕೆಳತುದಿ ತಟ್ಟೆಯಲ್ಲಿರುವ ಮೆಟ್ಟಿಲಿಗೆ ಸರಿಯಾಗಿ ತಾಗಿ ಕುಳಿತಿರಬೇಕು. ಎಡ ಮತ್ತು ಬಲದ ಸ್ಟ್ರಟ್ಟುಗಳು ಬೇರೆ ಬೇರೆ ಎಂಬುದನ್ನೂ ಮರೆಯಬೇಡಿ; ಬ್ರೇಕ್ ಹೋಸಿನ ಹಿಡಿಕೆ ಇರುವ ದಿಕ್ಕನ್ನು ನೋಡಿದರೆ ತಿಳಿಯುತ್ತದೆ. ಒಂದೇ ಹೆಸರಿನ ಕಾರಿನ ಪೆಟ್ರೋಲ್ ಮತ್ತು ಡೀಸೆಲ್ ಮಾದರಿಗಳಿಗೂ ಎಂಜಿನ್ ತೂಕದ ವ್ಯತ್ಯಾಸದಿಂದಾಗಿ ಭಾಗಗಳು ಬೇರೆಯಾಗಿರುವುದುಂಟು. ಹಳೆಯದನ್ನು ತೋರಿಸಿ ಇಂಥದ್ದೇ ಕೊಡಿ ಎನ್ನದೆ, ಭಾಗದ ಸಂಖ್ಯೆಯನ್ನು ಹೋಲಿಸಿ ಕೊಳ್ಳಿ.

ಮರಳಿ ಜೋಡಿಸುವುದು ಇದೇ ಕ್ರಮದ ಹಿಮ್ಮುಖ. ಮೇಲಿನ ನಟ್ಟುಗಳನ್ನು ಮೊದಲು ಬೆರಳಿನಿಂದ ಹಿಡಿಸಿ, ನಕಲ್ ಬೋಲ್ಟುಗಳನ್ನು ಗುರುತಿಗೆ ಸರಿಹೊಂದಿಸಿ, ಆಮೇಲೆ ಬಿಗಿಯಿರಿ. ಒಳಗೆ ಹಿಡಿತವಿರುವ ಲಾಕ್ ನಟ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದು ಹಾಕುವುದೇ ಕ್ಷೇಮ. ಲೋವರ್ ಆರ್ಮಿನ ರಬ್ಬರ್ ಬುಶ್ ಬೋಲ್ಟನ್ನು ಸಡಿಲಿಸಿದ್ದರೆ, ಅದನ್ನು ಕಾರು ನೆಲಕ್ಕಿಳಿದು ತನ್ನ ಭಾರ ಹೊತ್ತ ಮೇಲೆಯೇ ಬಿಗಿಯಬೇಕು. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ, ಕಾರು ಇಳಿದಾಗ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಲ್ಲ ಬೋಲ್ಟುಗಳ ಬಿಗಿತವೂ ತಯಾರಕರು ಕೊಟ್ಟ ಅಳತೆಗೆ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದಲೇ ಆಗಬೇಕು. ಟ್ರ್ಯಾಕ್ಟರಿನ ಬೋಲ್ಟುಗಳಿಗೆ ಒಗ್ಗಿದ ಕೈ ಇಲ್ಲಿ ಸುಲಭವಾಗಿ ಹದ ತಪ್ಪುತ್ತದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಅಲ್ಲಿಗೆ ಹೋಗುವವರೆಗೆ ನಿಧಾನವಾಗಿ ಓಡಿಸಿ.

ಪ್ರಶ್ನೆ: ಸರ್ವಿಸ್ ಮಾಡಿಸುವಾಗ ನನ್ನ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆಯ ಪಸೆ ಕಾಣಿಸಿತು. ತಕ್ಷಣ ಬದಲಿಸಬೇಕೇ? ಎಣ್ಣೆ ಮತ್ತು ಗ್ಯಾಸ್ ತುಂಬಿ ರಿಪೇರಿ ಮಾಡಿಕೊಡುವವರೂ ಇದ್ದಾರೆ. ಅದು ನಂಬಿಕೆಗೆ ಅರ್ಹವೇ?
(ವ್ಯಾಪಾರಿಗಳು, ಭಾಲ್ಕಿ)

ಉತ್ತರ: ರಾಡ್ ಹೊರಬರುವ ಬಾಯಿಯ ಹತ್ತಿರ ತೆಳುವಾದ ಪಸೆ ಇದ್ದು ಅದರ ಮೇಲೆ ಧೂಳು ಅಂಟಿದ್ದರೆ ಗಾಬರಿಯಾಗಬೇಕಿಲ್ಲ. ಸೀಲ್ ಒಣಗದಂತೆ ಇರಲು ರಾಡ್ ತನ್ನೊಂದಿಗೆ ಎಣ್ಣೆಯ ಅತಿ ತೆಳುವಾದ ಪದರವನ್ನು ಹೊರತರುತ್ತದೆ. ಒಂದು ಬಟ್ಟೆಯಿಂದ ಅದನ್ನು ಪೂರ್ತಿಯಾಗಿ ಒರೆಸಿ, ಹದಿನೈದು ದಿನ ಓಡಿಸಿ ಮತ್ತೆ ನೋಡಿ. ಎಣ್ಣೆ ಹರಿದು ಇಳಿದ ಗುರುತು ಕೊಳವೆಯ ಅರ್ಧದವರೆಗೆ ಬಂದಿದ್ದರೆ ಅಥವಾ ಕೆಳಗೆ ಹನಿ ನಿಂತಿದ್ದರೆ ಅದು ಸೋರಿಕೆ, ಬದಲಿಸಲೇಬೇಕು. ಪಕ್ಕದಲ್ಲಿರುವ ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದು ಗ್ರೀಸ್ ಎರಚಿದರೂ, ಬ್ರೇಕ್ ಎಣ್ಣೆ ಸೋರಿದರೂ ಶಾಕ್ ಅಬ್ಸಾರ್ಬರ್ ಒದ್ದೆಯಾಗಿ ಕಾಣುವುದುಂಟು. ಬ್ರೇಕ್ ಎಣ್ಣೆಯ ಮಟ್ಟವನ್ನು ಅಂದೇ ನೋಡಿಕೊಳ್ಳಿ.

ರಿಪೇರಿಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ: ಕಾರಿನ ಮುಂಭಾಗಕ್ಕೆ ಅಂಥದ್ದನ್ನು ಹಾಕಿಸಬೇಡಿ. ಈಗಿನ ಕಾರುಗಳ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಲು ಬಾರದಂತೆ ಮುಚ್ಚಿ ತಯಾರಿಸಿರುತ್ತಾರೆ. ಅದನ್ನು ಕೊಯ್ದು ಅಥವಾ ತೂತು ಕೊರೆದು, ಎಣ್ಣೆ ತುಂಬಿ, ಬೆಸುಗೆ ಹಾಕಿದರೆ ಸೋರಿಕೆ ಕೆಲಕಾಲ ನಿಲ್ಲಬಹುದು; ಸವೆದ ವಾಲ್ವುಗಳು, ಸವೆದ ಪಿಸ್ಟನ್ ಹಾಗೆಯೇ ಉಳಿಯುತ್ತವೆ, ತುಂಬಿದ ಎಣ್ಣೆಯ ಗುಣವೂ ಅನಿಲದ ಒತ್ತಡವೂ ಮೂಲದಂತೆ ಇರುವುದಿಲ್ಲ. ಎರಡು ಬದಿಯ ತಡೆ ಒಂದೇ ಸಮ ಇರುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು. ಹೆದ್ದಾರಿಯಲ್ಲಿ ತುರ್ತಾಗಿ ಬ್ರೇಕ್ ಒತ್ತಬೇಕಾದ ಹೊತ್ತಿನಲ್ಲಿ ಮುಂದಿನ ಎರಡು ಗಾಲಿಗಳು ನೆಲವನ್ನು ಬಿಡದೆ ಹಿಡಿದಿರುವುದರ ಮೇಲೆ ತಮ್ಮ ಕುಟುಂಬದ ಸುರಕ್ಷತೆ ನಿಂತಿದೆ.

ಪ್ರಶ್ನೆ: ಎರಡೂ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದ ಮೇಲೆ ಕಾರು ಎಡಕ್ಕೆ ಎಳೆಯುತ್ತಿದೆ, ನೇರ ಹೋಗುವಾಗ ಸ್ಟೀರಿಂಗ್ ಸ್ವಲ್ಪ ಓರೆ ಇರುತ್ತದೆ. ಜೊತೆಗೆ ಸವಾರಿ ಮೊದಲಿಗಿಂತ ಗಡುಸಾಗಿದೆ. ತಪ್ಪು ಭಾಗ ಹಾಕಿರಬಹುದೇ?
(ಸುರಪುರ)

ಉತ್ತರ: ಎಳೆತ ಮತ್ತು ಓರೆ ಸ್ಟೀರಿಂಗ್, ಎರಡೂ ಅಲೈನ್‌ಮೆಂಟ್ ಆಗಿಲ್ಲದಿರುವುದನ್ನೇ ಸೂಚಿಸುತ್ತವೆ. ಸ್ಟ್ರಟ್ ಬಿಚ್ಚಿ ಕೂಡಿಸಿದಾಗ ಕ್ಯಾಂಬರ್, ಅಂದರೆ ಗಾಲಿ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವ ಕೋನ, ಬದಲಾಗುತ್ತದೆ. ಅದರೊಂದಿಗೆ ಟೋ, ಅಂದರೆ ಗಾಲಿಗಳ ಮುಂತುದಿ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಅಳತೆಯೂ ಬದಲಾಗುತ್ತದೆ. ಟೋ ತಪ್ಪಿದ್ದರೆ ಟೈರಿನ ಅಂಚು ಬಹಳ ಬೇಗ ಸವೆಯುವುದರಿಂದ ತಡ ಮಾಡಬೇಡಿ. ಅಲೈನ್‌ಮೆಂಟಿಗೆ ಮೊದಲು ಟೈರಿನ ಗಾಳಿಯನ್ನು ಸರಿಮಾಡಿಸಿ, ಡಿಕ್ಕಿಯಲ್ಲಿರುವ ಭಾರದ ಸಾಮಾನನ್ನು ಇಳಿಸಿ, ಮತ್ತು ಕೆಲಸ ಮುಗಿದ ಮೇಲೆ ಮೊದಲಿನ ಹಾಗೂ ನಂತರದ ಅಳತೆಗಳ ಮುದ್ರಿತ ಪಟ್ಟಿಯನ್ನು ಕೇಳಿ ಪಡೆಯಿರಿ. ಕ್ಯಾಂಬರ್ ಎರಡು ಬದಿಗೆ ಬಹಳ ಭಿನ್ನವಾಗಿದ್ದರೆ ನಕಲ್ ಬೋಲ್ಟುಗಳನ್ನು ಸಡಿಲಿಸಿ ಸರಿಹೊಂದಿಸಲು ಹೇಳಿ.

ಗಡುಸಿನ ಬಗ್ಗೆ ಚಿಂತೆ ಬೇಡ. ಸೋತ ಶಾಕ್ ಅಬ್ಸಾರ್ಬರಿನ ಮೆತ್ತನೆಯ ತೇಲಾಟಕ್ಕೆ ಒಗ್ಗಿಹೋದವರಿಗೆ ಹೊಸದು ಕೆಲವು ದಿನ ಬಿಗಿಯಾಗಿಯೇ ಅನ್ನಿಸುತ್ತದೆ. ಹಂಪ್ ಮೇಲೆ ಲೋಹಕ್ಕೆ ಲೋಹ ಬಡಿದಂತೆ ಹೊಡೆತ ಬೀಳುತ್ತಿದ್ದರೆ ಮಾತ್ರ ಬಂಪ್ ಸ್ಟಾಪರ್ ಹಾಕುವುದನ್ನು ಮರೆತಿದ್ದಾರೆಯೇ ಎಂದು ಪರೀಕ್ಷಿಸಿ.

ಪ್ರಶ್ನೆ: ಮುಂದಿನ ಶಾಕ್ ಅಬ್ಸಾರ್ಬರ್ ಬದಲಿಸುವುದನ್ನು ಮುಂದೂಡಲು ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ಹಾಕಿಸಿ ಎಂದು ಪರಿಚಿತರು ಹೇಳುತ್ತಾರೆ. ಕಾರಿನ ಎತ್ತರವೂ ಹೆಚ್ಚುತ್ತದೆಯಂತೆ.
(ಚಿತ್ತಾಪುರ)

ಉತ್ತರ: ಹಾಕಿಸಬೇಡಿ. ರಬ್ಬರ್ ಕೂತ ಕಡೆ ಸ್ಪ್ರಿಂಗಿನ ಸುರುಳಿ ಕುಗ್ಗಲಾರದು, ಆದ್ದರಿಂದ ಸ್ಪ್ರಿಂಗ್ ಗಡುಸಾಗುತ್ತದೆ; ಗಡುಸಾದ ಸ್ಪ್ರಿಂಗ್ ಹಿಂದಕ್ಕೆ ಒದೆಯುವ ಬಲವೂ ಹೆಚ್ಚು. ಆ ಒದೆತವನ್ನು ತಡೆಯಬೇಕಾದದ್ದು ಈಗಾಗಲೇ ಸೋತಿರುವ ತಮ್ಮ ಶಾಕ್ ಅಬ್ಸಾರ್ಬರ್. ಅದರ ಮೇಲಿನ ಹೊರೆಯನ್ನು ಹೆಚ್ಚಿಸಿದಂತಾಯಿತೇ ಹೊರತು ಇಳಿಸಿದಂತಾಗಲಿಲ್ಲ. ತಮ್ಮ ಸುತ್ತಮುತ್ತ ಸುಣ್ಣಕಲ್ಲಿನ ಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಧೂಳು ಇರುವುದರಿಂದ ಆ ಹಣದಲ್ಲಿ ಮಾಡಬಹುದಾದ ಒಂದು ಉಪಯುಕ್ತ ಕೆಲಸವಿದೆ: ರಾಡಿನ ಸುತ್ತಲಿನ ಡಸ್ಟ್ ಕವರ್ ಹರಿದಿದೆಯೇ ಎಂದು ನೋಡಿಸಿ. ಹರಿದ ಕವರಿನೊಳಗೆ ಹೋದ ಕಲ್ಲಿನ ಪುಡಿ ಎಣ್ಣೆಯ ಪಸೆಗೆ ಅಂಟಿ, ಉಪ್ಪುಕಾಗದದಂತೆ ಸೀಲನ್ನು ಉಜ್ಜುತ್ತದೆ. ಹೊಸ ಶಾಕ್ ಹಾಕಿಸುವಾಗಲೂ ಹರಿದ ಕವರನ್ನೇ ಮತ್ತೆ ಹಾಕಲು ಒಪ್ಪಬೇಡಿ.

ಪ್ರಶ್ನೆ: ನನ್ನ ಮೋಟಾರ್ ಸೈಕಲ್ಲಿನ ಮುಂದಿನ ಶಾಕ್ ಅಬ್ಸಾರ್ಬರಿನ ಬಲಗಡೆ ಎಣ್ಣೆ ಸೋರುತ್ತಿದೆ. ಇಡೀ ಜೋಡಿಯನ್ನು ಬದಲಿಸಬೇಕು ಎನ್ನುತ್ತಾರೆ.
(ವಿದ್ಯಾರ್ಥಿ, ಆಳಂದ)

ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ಅದರ ಅಗತ್ಯ ಬೀಳುವುದಿಲ್ಲ. ಕಾರಿನಂತಲ್ಲದೆ, ಬೈಕಿನ ಫೋರ್ಕನ್ನು (ಮುಂದಿನ ಗಾಲಿಯನ್ನು ಹಿಡಿದಿರುವ ಎರಡು ಕಾಲುಗಳ ಜೋಡಿ) ಬಿಚ್ಚಿ ಸೀಲ್ ಮತ್ತು ಎಣ್ಣೆ ಬದಲಿಸಲು ಅನುಕೂಲವಾಗುವಂತೆಯೇ ತಯಾರಿಸಿರುತ್ತಾರೆ. ಮೊದಲು ಡಸ್ಟ್ ಸೀಲನ್ನು ಮೆಲ್ಲನೆ ಮೇಲಕ್ಕೆ ಸರಿಸಿ, ಒಳಗೆ ಕೂತ ಮಣ್ಣನ್ನು ಒರೆಸಿ. ತೆಳುವಾದ, ನಯವಾದ ಪ್ಲಾಸ್ಟಿಕ್ ಪಟ್ಟಿಯನ್ನು ಎಣ್ಣೆ ಸೀಲಿನ ತುಟಿಗೂ ಪೈಪಿಗೂ ನಡುವೆ ತೂರಿಸಿ ಸುತ್ತಲೂ ಆಡಿಸಿದರೆ ಸಿಕ್ಕಿಕೊಂಡ ಹರಳು ಹೊರಬಂದು ಸೋರಿಕೆ ನಿಲ್ಲುವುದೂ ಉಂಟು. ಅದರಿಂದ ನಿಲ್ಲದಿದ್ದರೆ ಎರಡೂ ಕಾಲಿನ ಎಣ್ಣೆ ಸೀಲ್ ಮತ್ತು ಡಸ್ಟ್ ಸೀಲುಗಳನ್ನು ಬದಲಿಸಿ.

ಪೈಪಿನ ಹೊಳಪಿನ ಮೇಲೆ ಉಗುರನ್ನು ಮೇಲಿಂದ ಕೆಳಕ್ಕೆ ಎಳೆದು ನೋಡಿ. ತುಕ್ಕಿನ ಗುಳಿಗೆ ಉಗುರು ಸಿಕ್ಕಿಕೊಂಡರೆ ಎಷ್ಟು ಹೊಸ ಸೀಲ್ ಹಾಕಿದರೂ ಉಳಿಯುವುದಿಲ್ಲ, ಆ ಪೈಪನ್ನು ಬದಲಿಸಬೇಕು. ಹಿಂದೆ ಎಲ್ಲಾದರೂ ಡಿಕ್ಕಿಯಾಗಿದ್ದರೆ ಪೈಪನ್ನು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದಾಗ ಬಾಗು ಕಾಣುತ್ತದೆ. ಎಣ್ಣೆಯನ್ನು ತಯಾರಕರು ಹೇಳಿದ ದರ್ಜೆಯದನ್ನೇ, ಅಳತೆಯ ಗಾಜಿನಿಂದ ಅಳೆದು, ಎರಡೂ ಕಾಲಿಗೆ ಒಂದೇ ಪ್ರಮಾಣದಲ್ಲಿ ಹಾಕಿಸಿ. ಉಳಿದಿರುವ ಎಂಜಿನ್ ಆಯಿಲ್ ಸುರಿಯಲು ಬಿಡಬೇಡಿ. ಇದೆಲ್ಲ ಆಗುವವರೆಗೆ ಒಂದು ವಿಷಯದಲ್ಲಿ ಎಚ್ಚರವಿರಲಿ. ಸೋರಿದ ಎಣ್ಣೆ ಪೈಪಿನಿಂದ ಇಳಿದು ಮುಂದಿನ ಡಿಸ್ಕ್ ಮತ್ತು ಬ್ರೇಕ್ ಪ್ಯಾಡಿಗೆ ತಾಗಿದರೆ ಮುಂದಿನ ಬ್ರೇಕ್ ಹಿಡಿಯುವುದೇ ಇಲ್ಲ. ಪ್ಯಾಡುಗಳು ಎಣ್ಣೆ ಹೀರಿದ್ದರೆ ಒರೆಸಿ ಬಳಸದೆ ಹೊಸದನ್ನು ಹಾಕಿಸಿ, ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ತೊಳೆಸಿ, ಅಲ್ಲಿಯವರೆಗೆ ಬೈಕನ್ನು ರಸ್ತೆಗೆ ತೆಗೆಯಬೇಡಿ.